ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ಆಗ್ತಿಲ್ಲ!

‘ಅಣ್ಣಾ, ಕಾರು ಸ್ಟಾರ್ಟ್ ಆಗ್ತಿಲ್ಲ’ ಎಂದು ಬೆಳಿಗ್ಗೆ ಬೆಳಿಗ್ಗೆ ಫೋನ್ ಬಂದರೆ ಅನುಭವಸ್ಥ ಮೆಕ್ಯಾನಿಕ್ ಮೊದಲು ಕೇಳುವುದು, ‘ಸೆಲ್ಫ್ ಹೊಡೀತಿದೆಯಾ ಸಾರ್?’ ಅದಕ್ಕೆ ಸಿಗುವ ಉತ್ತರದಲ್ಲೇ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಕೀ ತಿರುಗಿಸಿದಾಗ ಬರೀ ‘ಟಕ್’ ಎಂದು ಸುಮ್ಮನಾಗುವ ಕಾರಿನ ತೊಂದರೆ ಸಾಮಾನ್ಯವಾಗಿ ಬ್ಯಾಟರಿ, ಟರ್ಮಿನಲ್, ಸ್ಟಾರ್ಟರ್ ಮೋಟರ್‌ಗಳ ಸುತ್ತಮುತ್ತಲೇ ಇರುತ್ತದೆ. ಜಂಪರ್ ಕೇಬಲ್ ಹಿಡಿದು ಹೊರಟರೆ ಬಹುಪಾಲು ಕೆಲಸ ಮುಗಿದಂತೆ. ಆದರೆ ಸೆಲ್ಫ್ ಜೋರಾಗಿಯೇ ಹೊಡೆಯುತ್ತಿದೆ, ಎಂಜಿನ್ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಎಂದರೆ ಅವನು ಒಂದು ಗಳಿಗೆ ಯೋಚಿಸುತ್ತಾನೆ. ಆಮೇಲೆ ಇನ್ನೊಂದು ಪ್ರಶ್ನೆ: ‘ಪೆಟ್ರೋಲ್ ಇದೆಯಾ?’

ಈ ಪ್ರಶ್ನೆಗೆ ಸಿಟ್ಟಾಗುವ ಮಾಲೀಕರೇ ಹೆಚ್ಚು. ಆದರೆ ಟ್ಯಾಂಕಿನೊಳಗಿನ ಫ್ಲೋಟ್ ಸಿಕ್ಕಿಹಾಕಿಕೊಂಡು, ಟ್ಯಾಂಕ್ ಬರಿದಾಗಿದ್ದರೂ ಮುಳ್ಳು ಮಾತ್ರ ಕಾಲು ಭಾಗದಲ್ಲಿ ನಿಂತಿರುವುದು ಗ್ಯಾರೇಜಿನವರಿಗೆ ಹಳೆಯ ಕತೆ.

ಎಂಜಿನ್ ಹತ್ತಿಕೊಳ್ಳಲು ಬೇಕಾದದ್ದು ಹೆಚ್ಚೇನಲ್ಲ. ಗಾಳಿ, ಪೆಟ್ರೋಲ್, ಎರಡನ್ನೂ ಒತ್ತುವ ಕಂಪ್ರೆಷನ್, ಕಿಡಿ. ಇವೆಲ್ಲ ಸರಿಯಾದ ಹೊತ್ತಿಗೆ ಒದಗಬೇಕು, ಅಷ್ಟೆ. ಸೆಲ್ಫ್ ಹೊಡೆಯುವಾಗ ಎಂಜಿನ್ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. ಆ ಸುತ್ತುಗಳ ನಡುವೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿ ಸೇರಿ, ಪಿಸ್ಟನ್ ಮೇಲಕ್ಕೆ ಬಂದು ಒತ್ತಿ, ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಇಪ್ಪತ್ತು ಸಾವಿರ ವೋಲ್ಟಿನಾಚೆಗೆ ಏರಿಸಿ, ಪ್ಲಗ್‌ನ ತುದಿಯ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯಲ್ಲಿ ಕಿಡಿ ಹಾರಬೇಕು. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಅದರ ಪಾಲು ಇನ್ನಷ್ಟು ಹೆಚ್ಚಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಹುಡುಕುವುದೇ ಈ ಕಸುಬು.

ಹುಡುಕಾಟ ಕಿವಿಯಿಂದ ಶುರು. ಆರೋಗ್ಯವಂತ ಎಂಜಿನ್‌ಗೆ ಸೆಲ್ಫ್ ಹೊಡೆದಾಗ ಸದ್ದು ಒಂದೇ ಸಮನೆ ಬರುವುದಿಲ್ಲ. ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗ ಸ್ಟಾರ್ಟರ್‌ಗೆ ಭಾರ ಬಿದ್ದು ಸದ್ದು ಚೂರು ಕುಗ್ಗುತ್ತದೆ, ಮತ್ತೆ ಏಳುತ್ತದೆ. ಹಾಗಾಗಿ ಅದರಲ್ಲೊಂದು ಏರಿಳಿತದ ಲಯ ಇರುತ್ತದೆ. ಟೈಮಿಂಗ್ ಬೆಲ್ಟ್ ತುಂಡಾದ ಎಂಜಿನ್‌ನಲ್ಲಿ ಆ ಲಯವೇ ಮಾಯ. ವಾಲ್ವ್‌ಗಳು ನಿಂತಲ್ಲೇ ನಿಂತು ಕಂಪ್ರೆಷನ್ ಸೋರಿಹೋಗುವುದರಿಂದ, ಭತ್ತ ಮುಗಿದ ಮೇಲೂ ತಿರುಗುವ ಗಿರಣಿಯಂತೆ ಎಂಜಿನ್ ಹಗುರವಾಗಿ, ವೇಗವಾಗಿ ‘ಸುಯ್’ ಎನ್ನುತ್ತದೆ. ಈ ಸದ್ದು ಕೇಳಿದ ಮೇಲೂ ‘ಇನ್ನೊಂದ್ಸಲ ಹೊಡೀರಿ’ ಎನ್ನುವವನು ಮೆಕ್ಯಾನಿಕ್ ಅಲ್ಲ. ಅನೇಕ ಎಂಜಿನ್‌ಗಳಲ್ಲಿ ಬೆಲ್ಟ್ ಹೋದ ಮೇಲೆ ಪಿಸ್ಟನ್‌ಗೂ ವಾಲ್ವ್‌ಗೂ ಡಿಕ್ಕಿಯಾಗುತ್ತದೆ, ಪ್ರತಿ ತಿರುವಿನಲ್ಲೂ ಖರ್ಚು ಬೆಳೆಯುತ್ತದೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಮಾತ್ರ ಕೈಕೊಟ್ಟಿದ್ದರೆ ಲಯ ಕುಂಟುತ್ತದೆ.

ಕಿವಿಯ ನಂತರ ಮೂಗು. ಒಂದಷ್ಟು ಹೊತ್ತು ಸೆಲ್ಫ್ ಹೊಡೆಸಿ ಸೈಲೆನ್ಸರ್ ಬಳಿ ನಿಂತಾಗ ಹಸಿ ಪೆಟ್ರೋಲಿನ ವಾಸನೆ ಬಂದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಕಿಡಿಯ ಮೇಲೆ ಅನುಮಾನ. ವಾಸನೆಯೇ ಇಲ್ಲವೆಂದರೆ ಪೆಟ್ರೋಲೇ ಬರುತ್ತಿಲ್ಲದಿರಬಹುದು. ಪ್ಲಗ್ ಬಿಚ್ಚಿದಾಗ ಅದು ಒದ್ದೆಯೋ ಒಣವೋ ಎಂಬುದು ಇದೇ ಮಾತಿಗೆ ಎರಡನೇ ಸಾಕ್ಷಿ.

ಈ ತಾಪತ್ರಯಕ್ಕೆ ಮೂಲವಾದ ಸೆಲ್ಫ್ ಎಂಬ ಅನುಕೂಲದ ಹಿಂದೆ ಇರುವ ಹೆಸರು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದು. ಅವರು ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಯತನಕ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ಅಂಬಾಸಿಡರ್‌ಗಳಲ್ಲಿ ಸೆಲ್ಫ್ ಜೊತೆಗೆ ಹ್ಯಾಂಡಲ್ಲೂ ಇತ್ತು. ಕೈಯಲ್ಲಿ ತಿರುಗಿಸುವವನಿಗೆ ಯಾವ ಸಿಲಿಂಡರ್ ಒತ್ತಡ ಹಿಡಿಯುತ್ತಿದೆ, ಯಾವುದು ಹಿಡಿಯುತ್ತಿಲ್ಲ ಎಂಬುದು ಮೊಣಕೈಗೇ ತಿಳಿಯುತ್ತಿತ್ತು.

ಆ ಕಾಲದ ರೋಗಗಳು ಕಣ್ಣಿಗೆ ಕಾಣುವಂಥವು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟ್ ಸುಟ್ಟಿರುವುದು ಕಾಣುತ್ತಿತ್ತು; ಮರಳು ಕಾಗದದಿಂದ ತಿಕ್ಕಿ, ಸಂದಿ ಸರಿಪಡಿಸಿದರೆ ಗಾಡಿ ಹೊರಡುತ್ತಿತ್ತು. ಮಳೆಗಾಲದಲ್ಲಿ ಆ ಮುಚ್ಚಳದೊಳಗೆ ತೇವ ಕೂತರೆ ಒಣ ಬಟ್ಟೆಯೇ ಔಷಧಿ. ಬೇಸಿಗೆಯಲ್ಲಿ ಘಾಟಿ ಏರುವಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಸೋತರೆ, ಚಾಲಕ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಬೀಡಿ ಹಚ್ಚಲು ದೂರ ಹೋಗುತ್ತಿದ್ದ. ಆ ಗಾಡಿಗಳಿಗೆ ಬೇಕಾದ ಸಾಮಾನೂ ಮನೆ ಬಾಗಿಲಲ್ಲೇ ತಯಾರಾಗುತ್ತಿತ್ತು. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್ ಕಳಿಸುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು; ಬಡಾವಣೆಯ ಹೆಸರಿನಲ್ಲಿ ಮೈಕೋ ಹಾಗೇ ಉಳಿದುಕೊಂಡಿದೆ.

1983ರಲ್ಲಿ ಬಂದ ಮಾರುತಿ 800 ಕೂಡ ಬಹುಕಾಲ ಕಾರ್ಬುರೇಟರ್, ಚೋಕ್‌ಗಳ ಕಾರೇ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಇಂಜೆಕ್ಟರ್‌ನ ಎಂಪಿಎಫ್‌ಐ ವ್ಯವಸ್ಥೆ ಬಂತು, ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಪೆಟ್ಟಿಗೆ ಬಂತು. ಹಳೆಯ ಮೆಕ್ಯಾನಿಕ್‌ಗಳಲ್ಲಿ ಎಷ್ಟೋ ಮಂದಿ ಆಗ ‘ಎಂಪಿಎಫ್‌ಐ ಗಾಡಿ ನಮಗೆ ಬೇಡ’ ಎಂದು ಕೈ ಮುಗಿದರು. ಕಲಿಯುವ ಛಲ ಇದ್ದವರು ಮಲ್ಟಿಮೀಟರ್ ಕೊಂಡರು.

ಹೊಸ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಬಿಡಿಭಾಗವೆಂದರೆ ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟಿರುವ ಇದು ಎಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರವೊಂದರ ಎದುರು ಕೂತಿರುತ್ತದೆ. ಅನೇಕ ಕಾರುಗಳಲ್ಲಿ ಆ ಚಕ್ರಕ್ಕೆ 60 ಹಲ್ಲಿನ ಜಾಗವಿದ್ದು, ಬೇಕೆಂದೇ ಎರಡನ್ನು ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಸೆನ್ಸರ್ ಮುಂದೆ ಹಾದಾಗ ಪಿಸ್ಟನ್ ಎಲ್ಲಿದೆ ಎಂಬ ಲೆಕ್ಕ ಇಸಿಯುಗೆ ಸಿಗುತ್ತದೆ. ಸೆನ್ಸರ್ ಸತ್ತರೆ ಎಂಜಿನ್ ತಿರುಗುತ್ತಿದೆ ಎಂಬುದೇ ಇಸಿಯುಗೆ ಗೊತ್ತಾಗುವುದಿಲ್ಲ. ಆಗ ಬಹುಪಾಲು ಕಾರುಗಳಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಇದು ಕೈಕೊಡುವ ರೀತಿಯೂ ವಿಚಿತ್ರ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದ ಕಾರು ಚಹಾಕ್ಕೆ ನಿಲ್ಲಿಸಿದ ಮೇಲೆ ಹೊರಡುವುದಿಲ್ಲ. ಟೋಯಿಂಗ್ ಗಾಡಿ ಬರುವ ಹೊತ್ತಿಗೆ ಎಂಜಿನ್ ತಣ್ಣಗಾಗಿ, ಏನೂ ಆಗೇ ಇಲ್ಲವೆಂಬಂತೆ ಹತ್ತಿಕೊಳ್ಳುತ್ತದೆ. ಬಿಸಿಗೆ ಒಳಗಿನ ತಂತಿಸುರುಳಿ ಸಂಪರ್ಕ ಬಿಡುವುದರಿಂದ ಹೀಗಾಗುತ್ತದೆ. ಬಲ್ಲವರು ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳನ್ನು ನೋಡುತ್ತಾರೆ. ಅನೇಕ ಮಾದರಿಗಳಲ್ಲಿ ಅದು ಚೂರಾದರೂ ಏಳಬೇಕು. ಏಳದಿದ್ದರೆ ಈ ಸೆನ್ಸರ್ ಕಡೆ ಬೆರಳು.

ಪೆಟ್ರೋಲ್ ಕಡೆಯ ಪರೀಕ್ಷೆ ಇದಕ್ಕಿಂತ ಸುಲಭ. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡ್ ‘ಗುಂಯ್’ ಎಂಬ ಸದ್ದು ಬರಬೇಕು. ಪಂಪ್ ಪೈಪಿನೊಳಗೆ ಒತ್ತಡ ತುಂಬುವ ಸದ್ದು ಅದು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ರಿಲೇಯನ್ನು ಪಕ್ಕದ ಹಾರ್ನ್ ರಿಲೇ ಜೊತೆ ಅದಲುಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ, ಎರಡೂ ಒಂದೇ ನಮೂನೆಯವಾಗಿದ್ದರೆ. ಸದ್ದಿದೆ ಎಂದಮಾತ್ರಕ್ಕೆ ಒತ್ತಡವಿದೆ ಎಂದೇನಲ್ಲ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಮೂರು ಬಾರ್ ಆಸುಪಾಸು ಇರಬೇಕಾದದ್ದು ಅರ್ಧಕ್ಕಿಳಿದಿದ್ದರೆ ಗೇಜ್ ಹಾಕದೆ ತಿಳಿಯದು. ಫೋರ್ಡ್ ಐಕಾನ್ ಇಟ್ಟುಕೊಂಡಿದ್ದವರಿಗೆ ಇನ್ನೊಂದು ಗುಟ್ಟು ಗೊತ್ತಿರುತ್ತದೆ: ಅಪಘಾತವಾದಾಗ ಪೆಟ್ರೋಲ್ ನಿಲ್ಲಿಸಲೆಂದು ಇಟ್ಟಿದ್ದ ಸ್ವಿಚ್ ದೊಡ್ಡ ಗುಂಡಿಗೆ ಬಿದ್ದ ಹೊಡೆತಕ್ಕೂ ಎಗರಬಹುದು. ಅದರ ಗುಂಡಿ ಒತ್ತಿದರೆ ಸಾಕು, ಕಾರು ರೆಡಿ.

ಪೆಟ್ರೋಲೇ ಕೆಟ್ಟಿರುವುದೂ ಉಂಟು. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಭಾರತ ಇಂಧನ ಸಪ್ತಾಹದಲ್ಲಿ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಳೆನೀರು ಹೇಗೋ ಟ್ಯಾಂಕ್ ಸೇರಿ ಪ್ರಮಾಣ ಮೀರಿತೆಂದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಟ್ಯಾಂಕಿನ ತಳದಿಂದ ತೆಗೆದದ್ದನ್ನು ಪಾರದರ್ಶಕ ಬಾಟಲಿಗೆ ಹಾಕಿಟ್ಟರೆ ಎರಡು ಪದರದ ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ.

ಅಪಾರ್ಟ್‌ಮೆಂಟ್‌ಗಳಲ್ಲಿ ಮತ್ತೊಂದು ಬಗೆ. ತೊಳೆಯಲೆಂದೋ, ಪಕ್ಕದವರಿಗೆ ದಾರಿ ಬಿಡಲೆಂದೋ ತಣ್ಣಗಿನ ಕಾರನ್ನು ಸ್ಟಾರ್ಟ್ ಮಾಡಿ, ಹತ್ತಡಿ ಸರಿಸಿ, ತಕ್ಷಣ ಆಫ್ ಮಾಡುತ್ತಾರೆ. ಮರುದಿನ ಅದು ಹತ್ತಿಕೊಳ್ಳದಿದ್ದರೆ ಕಾರಣ ಇಷ್ಟೇ: ತಣ್ಣಗಿದ್ದಾಗ ಇಸಿಯು ಸುರಿಸಿದ ಹೆಚ್ಚುವರಿ ಪೆಟ್ರೋಲ್ ಉರಿದುಹೋಗಲು ಸಮಯವೇ ಸಿಕ್ಕಿಲ್ಲ. ಪ್ಲಗ್ ಒದ್ದೆಯಾಗಿದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಕಂಪ್ರೆಷನ್ನೂ ಕುಸಿದಿದೆ. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಹೊಡೆದರೆ ಬಹುತೇಕ ಕಾರುಗಳ ಇಸಿಯು ಇಂಜೆಕ್ಟರ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತದೆ. ಒಳಗೆ ಒಣಗಿದಂತೆ ಎಂಜಿನ್ ಕೆಮ್ಮುತ್ತಾ ಏಳುತ್ತದೆ. ಅದೂ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚಲ್ಲ, ನಡುವೆ ಸ್ಟಾರ್ಟರ್‌ಗೆ ಬಿಡುವು ಬೇಕು.

ಡೀಸೆಲ್ ಗಾಡಿಗೆ ಕಿಡಿಯ ಹಂಗಿಲ್ಲ, ಹಾಗಾಗಿ ಅನುಮಾನಗಳೂ ಬೇರೆ. ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಉಳಿದ ಗಾಳಿ, ಮಡಿಕೇರಿಯ ಚಳಿಗೆ ಕೈಕೊಟ್ಟ ಹೀಟರ್ ಪ್ಲಗ್, ಹಳೆಯ ಪಂಪ್ ಮೇಲಿನ ಸೊಲೆನಾಯ್ಡ್‌ನಿಂದ ಕಳಚಿದ ಒಂದೇ ಒಂದು ವೈರ್. ಕಾಮನ್ ರೈಲ್ ಎಂಜಿನ್‌ನಲ್ಲಾದರೆ ಸೆಲ್ಫ್ ಹೊಡೆಯುವಾಗಲೇ ರೈಲ್ ಒತ್ತಡ ನಿಗದಿತ ಮಟ್ಟಕ್ಕೆ ಏರದಿದ್ದರೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಸ್ಕ್ಯಾನರ್ ಚುಚ್ಚಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಒಬಿಡಿ-2 ಪದ್ಧತಿ ನಮ್ಮಲ್ಲಿಗೂ ಬಂದಿದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಪುಟ್ಟ ಸಾಧನ ಸಿಕ್ಕಿಸಿ ಮೊಬೈಲಿನಲ್ಲೇ ಕೋಡ್ ಓದಬಹುದು. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್‌ನ ಸರ್ಕ್ಯೂಟ್ ಎಂದರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್ ಮಾತ್ರವಲ್ಲ. ಕನೆಕ್ಟರ್, ಅದರ ವೈರ್, ಆ ವೈರನ್ನು ರಾತ್ರಿ ಕಡಿದ ಇಲಿ ಎಲ್ಲವೂ ಅದರಲ್ಲಿ ಸೇರಿದವು. ಕೋಡ್ ಓದಿದವನೇ ಸೆನ್ಸರ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹುಡುಗನನ್ನು ಓಡಿಸಿದರೆ ಹಣ ಹೋಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ‘ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ’ ಎಂಬುದು ಅಲ್ಲಿಯ ಅಂಗಡಿಗಳ ಮಾಮೂಲಿ ಮಾತು. ಅತ್ತ, ನೀರು ಬೆರೆತ ಪೆಟ್ರೋಲಿಗೋ ಕಟ್ಟಿಕೊಂಡ ಸೈಲೆನ್ಸರಿಗೋ ಕೋಡೇ ಬರದಿರಬಹುದು.

ಬಿಡಿಭಾಗ ಬದಲಿಸುತ್ತಾ ಹೋಗುವವರನ್ನು ಹೆಚ್ಚು ಸುಸ್ತು ಮಾಡುವುದು ಅರ್ತಿಂಗ್. ಎಂಜಿನ್‌ಗೂ ಬಾಡಿಗೂ ನಡುವಿನ ತಂತಿ ತುಕ್ಕು ಹಿಡಿದಿದೆ ಎನ್ನಿ. ಬರೀ ಮೀಟರ್ ಹಿಡಿದರೆ ಸಂಪರ್ಕ ಸರಿಯೆಂದೇ ತೋರಿಸುತ್ತದೆ. ಸೆಲ್ಫ್ ಹೊಡೆದು ನೂರಾರು ಆಂಪಿಯರ್ ಹರಿಯುವಾಗ ಅಳೆದರೆ ಮಾತ್ರ ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ ಎಂಬುದು ಹೊರಬೀಳುತ್ತದೆ. ಅದೇ ಹೊತ್ತಿನಲ್ಲಿ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿದರೆ ಎಂಜಿನ್ ತಿರುಗುತ್ತಿದ್ದರೂ ಇಸಿಯು ತಡವರಿಸಬಹುದು. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿಣುಕುತ್ತಿದ್ದರಂತೂ ಬಾನೆಟ್ ತೆರೆಯುವ ಅಗತ್ಯವೇ ಇಲ್ಲ. ಕೀಯೊಳಗಿನ ಚಿಪ್ಪನ್ನು ಕಾರು ಗುರುತಿಸಿಲ್ಲ, ಇನ್ನೊಂದು ಕೀ ತಂದು ನೋಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಇದ್ಯಾವ ಪರೀಕ್ಷೆಯನ್ನೂ ಮಾಡಬಾರದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಭಾಗಗಳು ಮುಳುಗಿದಾಗ ಕಾರುಗಳೂ ನೀರಿನಲ್ಲಿ ನಿಂತವು. ಹಾಗೆ ನೀರಿನಲ್ಲಿ ನಿಂತುಹೋದ ಕಾರಿಗೆ ಸೆಲ್ಫ್ ಹೊಡೆಯುವುದೇ ಅಪಾಯ. ಗಾಳಿ ಕುಗ್ಗುವಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಸಿಲಿಂಡರ್ ಸೇರಿದ ನೀರಿನ ಎದುರು ಪಿಸ್ಟನ್ ಏರಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಆಯಿಲ್ ನೋಡಿದ ಮೇಲಷ್ಟೇ ಮುಂದಿನ ಮಾತು.

ಈ ಕಸುಬಿನ ಮೊದಲ ಸಾಧನವಾದ ಕಿವಿಗೆ ಈಗ ಕೆಲಸ ಕಡಿಮೆಯಾಗುತ್ತಿದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿ ಎಂಜಿನ್ ಎಬ್ಬಿಸಲು ಹಳೆಯ ನಮೂನೆಯ ಸ್ಟಾರ್ಟರ್ ಮೋಟರ್ ಇಲ್ಲ. ಹೈಬ್ರಿಡ್ ವ್ಯವಸ್ಥೆಯ ಮೋಟರೇ ಎಂಜಿನ್ನನ್ನು ಸದ್ದಿಲ್ಲದೆ ವೇಗಕ್ಕೆ ತಂದುಬಿಡುತ್ತದೆ, ಅದೂ ಬಟನ್ ಒತ್ತಿದಾಗಲ್ಲ, ಕಾರಿಗೆ ಬೇಕೆನಿಸಿದಾಗ. ಅಲ್ಲಿ ಎಂಜಿನ್ ಹತ್ತಿಕೊಳ್ಳದಿದ್ದರೆ ಮಾಲೀಕನಿಗೆ ಕಾಣುವುದು ಪರದೆಯ ಮೇಲಿನ ಒಂದು ಎಚ್ಚರಿಕೆ ಮಾತ್ರ. ಬಾನೆಟ್ ತೆರೆದವನ ಎದುರಿಗೆ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳಿರುತ್ತವೆ. ತರಬೇತಿಯೂ ರಬ್ಬರ್ ಕೈಗವಸೂ ಇಲ್ಲದೆ ಅವನ್ನು ಮುಟ್ಟುವಂತಿಲ್ಲ. ಆದರೂ ಅದೇ ಎಂಜಿನ್‌ಗೆ ಗಾಳಿ, ಪೆಟ್ರೋಲ್, ಕಂಪ್ರೆಷನ್, ಕಿಡಿ ನಾಲ್ಕೂ ಬೇಕೇಬೇಕು. ಯಾವುದು ತಪ್ಪಿದೆ ಎಂದು ಹುಡುಕಲು ಕೂರುವವರು ಈಗ ಮೊದಲು ಲ್ಯಾಪ್‌ಟಾಪ್ ತೆರೆಯುತ್ತಾರೆ, ಆಮೇಲೆ ಪ್ಲಗ್ ಬಿಚ್ಚುತ್ತಾರೆ.