ವೀರಗಲ್ಲಿಲ್ಲದ ಕಾಳಗ

ಸೊರಬ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಉದ್ರಿಯಂಥ ಊರಿನಲ್ಲಂತೂ ಅವು ಹಲವು. ಹೆಚ್ಚಿನವುಗಳ ಕೆತ್ತನೆಯ ಕ್ರಮ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ, ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ. ಮೇಲೆ, ಆತ ಶಿವಲಿಂಗದೆದುರು ಕೈಮುಗಿದು ಕುಳಿತಿರುತ್ತಾನೆ. ಮೊದಲು ಹೋರಾಟ, ಆಮೇಲೆ ಪೂಜೆ. ದೇವರ ಮುಂದೆ ಕುಳಿತ ಮೇಲೆ ಕತ್ತಿಗೆ ಕೆಲಸವಿಲ್ಲ.

ಪ್ರಾರ್ಥನೆಯೆಂದರೆ ಈ ಮೇಲಿನ ಪಟ್ಟಿಕೆಯ ನೆಮ್ಮದಿ ಎಂದು ತಿಳಿದವರೇ ಬಹಳ. ಕ್ರೈಸ್ತರಲ್ಲೂ ಈ ತಿಳಿವಳಿಕೆ ಉಂಟು. ಆದರೆ ಅವರ ಧರ್ಮಗ್ರಂಥ ಬೇರೆಯದೇ ಚಿತ್ರ ಕೊಡುತ್ತದೆ. ಆದಿಕಾಂಡದ ಯಾಕೋಬ ಯಬ್ಬೋಕ್ ಹೊಳೆಯ ದಡದಲ್ಲಿ ಒಂಟಿಯಾಗಿ ಉಳಿಯುತ್ತಾನೆ. ಹಿಂದೆ ತಾನು ವಂಚಿಸಿದ ಅಣ್ಣ ಏಸಾವ ನಾನೂರು ಜನರೊಡನೆ ಎದುರು ಬರುತ್ತಿದ್ದಾನೆ. ಆ ಇರುಳು ಅಪರಿಚಿತನೊಬ್ಬ ಯಾಕೋಬನೊಡನೆ ಬೆಳಗಾಗುವವರೆಗೆ ಸೆಣಸುತ್ತಾನೆ. ಆಶೀರ್ವದಿಸದ ಹೊರತು ಬಿಡಲೊಲ್ಲೆನೆಂದು ಯಾಕೋಬ ಪಟ್ಟು ಹಿಡಿಯುತ್ತಾನೆ. ಆಶೀರ್ವಾದ ಸಿಗುತ್ತದೆ, ಹೊಸ ಹೆಸರೂ ಸಿಗುತ್ತದೆ. ತೊಡೆಯ ಕೀಲು ತಪ್ಪಿ ಕುಂಟುತ್ತ ಹೊರಡಬೇಕಾಗುತ್ತದೆ. ಇಲ್ಲಿ ಕಾಳಗ, ಪೂಜೆ ಎರಡೂ ಒಂದೇ ಪಟ್ಟಿಕೆಯಲ್ಲಿವೆ.

ಗೆತ್ಸೆಮನೆ ತೋಟದಲ್ಲಿಯೂ ಹಾಗೆಯೇ. ಸಂಕಟದ ಪಾತ್ರೆ ತನ್ನಿಂದ ದೂರವಾಗಲೆಂದು ಯೇಸು ಮತ್ತೆ ಮತ್ತೆ ಬೇಡಿದ. ಜೊತೆಗೆ ಎಚ್ಚರವಿರಬೇಕಾದ ಶಿಷ್ಯರು ನಿದ್ದೆಹೋಗಿದ್ದರು. ಪಾತ್ರೆ ದೂರವಾಗಲಿಲ್ಲ.

ಶಿಕಾರಿಪುರದ ಕಡೆಯವರಿಗೆ ಈ ಬಗೆಯ ಸೆಣಸಾಟ ತೀರ ಅಪರಿಚಿತವೇನಲ್ಲ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವೆ ಎರಡೂ ಇದೇ ತಾಲ್ಲೂಕಿನವು. 12ನೆಯ ಶತಮಾನದಲ್ಲಿ ಎಲ್ಲವನ್ನೂ ತೊರೆದು ಹೊರಟ ಅಕ್ಕ, ಹಸಿವು ನಿದ್ದೆಗಳನ್ನು ಎದುರಾಳಿಗಳಂತೆ ತಡೆದು ಮಾತಾಡಿಸಿದವಳು; ಚೆನ್ನಮಲ್ಲಿಕಾರ್ಜುನನನ್ನು ಕಾಣದೆ ಕಂಡಕಂಡ ಹಕ್ಕಿಗಳನ್ನು ಕೇಳಿದವಳು. ಅಕ್ಕನ ದಾರಿಯೂ ಕ್ರೈಸ್ತರ ದಾರಿಯೂ ಒಂದೇ ಎಂದು ಷರಾ ಬರೆದುಬಿಡುವುದು ಸೋಮಾರಿತನವಾದೀತು. ಆದರೆ ದೇವರ ಮೌನದೆದುರು ಎದ್ದುಹೋಗದೆ ನಿಲ್ಲುವ ಹಟ ಎರಡೂ ಕಡೆಯದು.

ಈ ಎರಡು ತಾಲ್ಲೂಕುಗಳಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಇಲ್ಲಿನ ಕಥೋಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಸಂಜೆ ಜಪಸರ ಹಿಡಿದು ಕುಳಿತವರ ಮೇಲೆ ಏರಿಬರುವ ವೈರಿಗಳ ಕೈಯಲ್ಲಿ ಕತ್ತಿಯಿರುವುದಿಲ್ಲ. ಶುಂಠಿಯ ಬೆಲೆ, ಸೊಸೈಟಿಯ ಸಾಲ, ಬೆಳಿಗ್ಗೆ ನೆರೆಯವರು ಆಡಿದ ಮಾತು, ಕೊನೆಗೆ ತೂಕಡಿಕೆ. 4ನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇಂಥದೊಂದು ವೈರಿಗೆ 'ನಡುಹಗಲಿನ ಪಿಶಾಚಿ' ಎಂದೇ ಹೆಸರಿಟ್ಟ. ಅದು ಹಿಡಿದವನಿಗೆ ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನಂತೆ. ಸುಮ್ಮನೆ ಕಿಟಕಿಯತ್ತ ನೋಡುತ್ತಿರುತ್ತಾನಂತೆ. ಪ್ರಾರ್ಥನೆಯ ಗುರುವೆಂದೇ ಹೆಸರಾದ 16ನೆಯ ಶತಮಾನದ ಆವಿಲಾದ ತೆರೇಸಾ, ಎಷ್ಟೋ ವರ್ಷ ತನ್ನ ಗಮನ ಗಂಟೆ ಯಾವಾಗ ಬಾರಿಸೀತೆಂಬ ಕಡೆಗೇ ಇತ್ತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾಳೆ. ಸಂತರೇ ಹೀಗೆಂದ ಮೇಲೆ ಉಳಿದವರ ಪಾಡೇನು?

ಮದರ್ ತೆರೇಸಾ ಅವರದು ಇನ್ನೂ ದೀರ್ಘವಾದ ಕತ್ತಲು. ಅವರು ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷಗಳ ನಂತರ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಜಗತ್ತು ಬೆರಗಾಯಿತು. ದಶಕಗಳ ಕಾಲ ಅವರ ಒಳಗೆ ದೇವರ ಇರವಿನ ಅನುಭವವೇ ಇರಲಿಲ್ಲ. ಆದರೂ ಪ್ರಾರ್ಥನೆ ನಿಲ್ಲಲಿಲ್ಲ. ಬೀದಿಯಲ್ಲಿ ಬಿದ್ದವರನ್ನು ಎತ್ತುವುದೂ ನಿಲ್ಲಲಿಲ್ಲ. ಅವರಿಗೆ ನಂಬಿಕೆಯೇ ಇರಲಿಲ್ಲವೆಂದು ಕೆಲವರು ವಾದಿಸಿದರು. ಆದರೆ ನಂಬಿಕೆಯಿಲ್ಲದವರು ಯಾರೂ ಉತ್ತರಿಸದ ಬಾಗಿಲನ್ನು ಅಷ್ಟು ವರ್ಷ ಏಕೆ ತಟ್ಟಬೇಕು?

ಇದನ್ನು ಹೇಳಲು ಕಾರಣವುಂಟು. ಮಗುವಿನ ಕಾಯಿಲೆಗಾಗಿ ಬೇಡಿ ಬೇಡಿ ಸೋತ ತಾಯಿಗೆ 'ನಿನ್ನ ವಿಶ್ವಾಸ ಸಾಲದು' ಎಂದುಬಿಡುವ ಹಿತೈಷಿಗಳು ಎಲ್ಲೆಡೆ ಇದ್ದಾರೆ. ಆಕೆಯ ನೋವಿನ ಮೇಲೆ ಅಪರಾಧದ ಹೊರೆ ಹೇರುವ ಕ್ರೂರ ಮಾತು ಅದು. ಗೆತ್ಸೆಮನೆಯಲ್ಲಿ ಬೇಡಿದವನ ವಿಶ್ವಾಸ ಸಾಲದಾಗಿತ್ತೆ? ತಿಂಗಳುಗಟ್ಟಲೆ ಊಟ ನಿದ್ದೆ ಬಿಟ್ಟು ಮಂಕಾದವರಿಗೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಅದು ವಿಶ್ವಾಸದ ಕೊರತೆಯಲ್ಲ.

ಇಂಥವರಿಗೆ ಬೇಕಾದದ್ದು ತೀರ್ಪಲ್ಲ, ಪಕ್ಕದಲ್ಲಿ ಎಚ್ಚರವಿರುವ ಒಬ್ಬರು. ಸಂತ ಪೌಲನೂ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ, ಪ್ರಾರ್ಥನೆಯಲ್ಲಿ ತನ್ನೊಡನೆ ಹೋರಾಡಿರೆಂದು ಕೇಳಿಕೊಂಡ. ಯೆಹೂದ್ಯ ಸೀಮೆಯ ವಿರೋಧಿಗಳಿಂದ ಪಾರಾಗಿ, ಸಂತೋಷದಿಂದ ಅವರ ಬಳಿಗೆ ಬರಬೇಕೆಂಬುದು ಅವನ ಆಸೆ. ಜೆರುಸಲೇಮಿನಲ್ಲಿ ಅವನ ಬಂಧನವಾಯಿತು. ಎರಡು ವರ್ಷ ಸೆರೆ, ಆಮೇಲೆ ಹಡಗು ಒಡೆದು ಮಾಲ್ಟಾ ದ್ವೀಪದಲ್ಲಿ ಮೂರು ತಿಂಗಳು. ಕೊನೆಗೆ ಅವನು ರೋಮನ್ನು ತಲುಪಿದ, ಕೈದಿಯಾಗಿ. ಅವನ ಪತ್ರ ಓದಿದ್ದ ಊರಿನ ಸಹೋದರರು ಅಪ್ಪಿಯ ಪೇಟೆಯವರೆಗೂ ನಡೆದು ಬಂದು ಎದುರುಗೊಂಡರು.