ದೃಶ್ಯದ ಗತಿ, ಆಟದ ತಾಳ

ಬೀಜಾಡಿಯಂತಹ ನಮ್ಮ ಕಡಲತಡಿಯ ಊರುಗಳ ಮಕ್ಕಳು ದೇಶದೇಶಗಳಿಗೆ ಚದುರಿದ ಮೇಲೆ, ಮದುವೆಯನ್ನೂ ಹರಕೆಯಾಟವನ್ನೂ ಡಿವಿಡಿಯಲ್ಲಿ ತುಂಬಿ ಅವರಿಗೆ ಕಳುಹಿಸುವುದು ರೂಢಿಯಾಯಿತು. ದುಬೈಗೆ ಹೋದ ಡಿವಿಡಿ ಅಲ್ಲಿ ತೊಡಕಿಲ್ಲದೆ ನಡೆಯುತ್ತಿತ್ತು. ಅಮೆರಿಕಕ್ಕೆ ಹೋದದ್ದು ಅಲ್ಲಿನ ಎಷ್ಟೋ ಯಂತ್ರಗಳಲ್ಲಿ ತೆರೆದುಕೊಳ್ಳುತ್ತಲೇ ಇರಲಿಲ್ಲ. ಇದಕ್ಕೆ ಕಾರಣವೇನು?

ಟೆಲಿವಿಷನ್ನಿನ ಚಿತ್ರವು ಗೆರೆಗೆರೆಯಾಗಿ ಮೂಡುತ್ತದೆ. ಮೊದಲು ಬೆಸ ಗೆರೆಗಳು, ಬಳಿಕ ಸಮ ಗೆರೆಗಳು; ಈ ಎರಡು ಅರೆಚಿತ್ರಗಳು ಕೂಡಿ ಒಂದು ಪೂರ್ಣಚಿತ್ರ. ಆರಂಭಕಾಲದಲ್ಲಿ ಈ ಗತಿಯನ್ನು ಆಯಾ ದೇಶದ ವಿದ್ಯುತ್ತಿನ ಆವರ್ತನಕ್ಕೆ ಹೊಂದಿಸಿದರು. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 60. ಅಲ್ಲಿ 1941ರಲ್ಲಿಯೇ 525 ಗೆರೆಗಳ ಕ್ರಮ ನಿಶ್ಚಿತವಾಗಿ, 1953ರಲ್ಲಿ ಅದಕ್ಕೆ ಬಣ್ಣ ಕೂಡಿತು. ಅದೇ ಎನ್.ಟಿ.ಎಸ್.ಸಿ. ಯುರೋಪಿನಲ್ಲಿಯೂ ನಮ್ಮಲ್ಲಿಯೂ ಆವರ್ತನ 50. ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ, 625 ಗೆರೆಗಳ ಪಾಲ್ ಕ್ರಮವನ್ನೇ ಭಾರತವು 1982ರಲ್ಲಿ ಬಣ್ಣದ ಪ್ರಸಾರಕ್ಕೆ ಆರಿಸಿಕೊಂಡಿತು.

ಡಿವಿಡಿ ಬಂದಾಗಲೂ ಈ ಭೇದ ಅಳಿಯಲಿಲ್ಲ. ನಮ್ಮ ಡಿವಿಡಿಯಲ್ಲಿ 576 ಗೆರೆ, ಸೆಕೆಂಡಿಗೆ 25 ಚಿತ್ರ. ಅವರದರಲ್ಲಿ 480 ಗೆರೆ, ಹೆಚ್ಚುಕಡಿಮೆ 30 ಚಿತ್ರ. ಮಾರಾಟದ ಸಿನಿಮಾ ಡಿವಿಡಿಗಳಿಗೆ ಹಾಕುವ ಪ್ರದೇಶಸಂಖ್ಯೆ (ಭಾರತಕ್ಕೆ 5, ಅಮೆರಿಕಕ್ಕೆ 1) ಬೇರೆಯೇ ಮಾತು. ಅದು ಬಾಗಿಲಿನ ಬೀಗ. ಇದು ಒಳಗಿನವರ ಭಾಷೆ.

ಹೀಗಾಗಿ ಪರಿವರ್ತನೆ ಬೇಕಾಗುತ್ತದೆ. ಗೆರೆಗಳನ್ನು ಕಡಿಮೆ ಮಾಡುವುದು ಕಷ್ಟವಲ್ಲ. ಕಾಲವನ್ನು ಹೊಂದಿಸುವುದೇ ಕಷ್ಟ. ಭಾಮಿನಿಯ ಸಾಲನ್ನು ವಾರ್ಧಕದ ಗತಿಗೆ ಕೂರಿಸಹೊರಟವನು ಕೊರತೆಬೀಳುವ ಮಾತ್ರೆಗಳನ್ನು ಎಲ್ಲಿಂದ ತಂದಾನು? ಇಲ್ಲಿಯೂ ಸೆಕೆಂಡಿಗೆ ಐದು ಚಿತ್ರಗಳ ಕೊರತೆ. ಇದ್ದ ಚಿತ್ರಗಳನ್ನೇ ಮರುಕಳಿಸಿದರೆ ಚಲನೆ ಕುಂಟುತ್ತದೆ. ಅಕ್ಕಪಕ್ಕದ ಎರಡನ್ನು ಬೆರೆಸಿದರೆ ನೆರಳು ಬೀಳುತ್ತದೆ. ಹಾಗೆ ಬೆರೆಸಿದ ಮುದ್ರಿಕೆಯೊಂದರಲ್ಲಿ ಮಂಡಿ ಹಾಕಿ ತಿರುಗುವ ವೇಷಕ್ಕೆ ನಾಲ್ಕು ಕೈಗಳಿದ್ದುದನ್ನು ನಾನು ನೋಡಿದ್ದೇನೆ. ಚಲನೆಯ ಜಾಡನ್ನು ಗಣಿಸಿ ನಡುವಣ ಚಿತ್ರವನ್ನು ಹೊಸದಾಗಿ ರಚಿಸುವ ಕ್ರಮವು ಇವೆರಡಕ್ಕಿಂತ ಮೇಲು. ಆದರೂ ಅದು ಊಹೆಯ ಚಿತ್ರವೇ ಸರಿ.

ಇನ್ನೊಂದು ದಾರಿಯುಂಟು. ಗತಿಯನ್ನೇ ಇಳಿಸಿ, ಚಲನಚಿತ್ರದಂತೆ ಸೆಕೆಂಡಿಗೆ 24 ಚಿತ್ರಗಳ ಲೆಕ್ಕಕ್ಕೆ ತಂದು, ಆಮೇಲೆ ಅಮೆರಿಕದ ಕ್ರಮಕ್ಕೆ ಹೊಂದಿಸುವುದು. ಆಗ ಚಿತ್ರ ನಿರ್ಮಲ. ಆದರೆ ಒಂದು ಗಂಟೆಯ ಆಟ ಸುಮಾರು ಎರಡೂವರೆ ನಿಮಿಷ ಹಿಗ್ಗುತ್ತದೆ. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಭಾಗವತರ ಶ್ರುತಿ ಒಂದು ಸ್ವರಸ್ಥಾನದ ಹತ್ತಿರಹತ್ತಿರ ಕುಸಿಯುತ್ತದೆ. ಶ್ರುತಿಯನ್ನು ಸರಿಪಡಿಸಿದರೂ ಚಂಡೆಯ ಕಾಲ ನಿಧಾನವಾಗಿಯೇ ಉಳಿಯುತ್ತದೆ.

ಮದುವೆಯ ಮುದ್ರಿಕೆಯಲ್ಲಿ ಇದು ಯಾರ ಗಮನಕ್ಕೂ ಬಾರದೆ ಹೋದೀತು. ಆದರೆ ಗತಿಸಿದ ಕಲಾವಿದನ ಕುಣಿತಕ್ಕೆ ಅಂತಹ ಪ್ರತಿಯೊಂದೇ ಉಳಿದರೆ, ನಾಳೆ ಅದನ್ನು ನೋಡಿ ಕಲಿಯುವ ಹುಡುಗನು ಯಂತ್ರದ ಕಾಲವನ್ನೇ ಗುರುವಿನ ಕಾಲವೆಂದು ನಂಬುತ್ತಾನೆ.

ಇಂದು ಕಂಪ್ಯೂಟರು ಎರಡೂ ಕ್ರಮಗಳನ್ನು ಓದಬಲ್ಲುದಾದ್ದರಿಂದ ಎಷ್ಟೋ ವೇಳೆ ಪರಿವರ್ತನೆಯ ಅಗತ್ಯವೇ ಇಲ್ಲ. ಪರಿವರ್ತಿಸಲೇಬೇಕಾದಲ್ಲಿ ಮೂಲ ಕ್ಯಾಸೆಟ್ಟನ್ನು ಎಸೆಯದೆ, ಅದರ ಗತಿಯಲ್ಲಿಯೇ ಒಂದು ಪ್ರತಿಯನ್ನು ಕಾದಿರಿಸಬೇಕು. ಅನುವಾದ ಎಷ್ಟೇ ಸೊಗಸಾಗಿದ್ದರೂ ಮೂಲದ ಓಲೆಯನ್ನು ಒಲೆಗೆ ಹಾಕುವವರುಂಟೆ?