ಹುಡುಗಿಯ ರಕ್ತ ಹೀರಿದ್ದು ಯಾವ ದೆವ್ವ?

ಅಮಾವಾಸ್ಯೆ ಇನ್ನೂ ಎರಡು ದಿನ ಇರುವಾಗಲೇ ಚೀಟಿ ಅಂಗಡಿಗೆ ಬರುತ್ತೆ. ಒಂಬತ್ತು ನಿಂಬೆಹಣ್ಣು, ಎರಡು ತೆಂಗಿನಕಾಯಿ, ಒಂದು ಬೂದುಗುಂಬಳ, ಕುಂಕುಮ, ಕರ್ಪೂರ, ಒಂದು ಮೊಳ ಕರಿ ಬಟ್ಟೆ. ಹೊಸಪೇಟೆಯ ಅಂಗಡಿ ಆಗಲಿ, ಕಂಪ್ಲಿಯದಾಗಲಿ, ಸಂಡೂರಿನದಾಗಲಿ, ಚೀಟಿ ಓದಿದ ಸಾಹುಕಾರ ಬಾಯಿ ಬಿಟ್ಟು ಏನೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಯಾರದೋ ಮನೆಯಲ್ಲಿ ಯಾರಿಗೋ ‘ಗಾಳಿ ಸೋಕೈತಿ’.

ಮರುದಿನ ಅದೇ ಚೀಟಿಯ ಸಾಮಾನು ಬಸ್ಸಿನಲ್ಲಿ ಕಾಣುತ್ತೆ. ಚೀಲ ಅತ್ತೆಯ ಕೈಯಲ್ಲಿ. ಕಿಟಕಿ ಪಕ್ಕದ ಸೀಟಿನಲ್ಲಿ ಸೊಸೆ, ತಲೆ ಕಂಬಿಗೆ ಆನಿಸಿ ಕೂತಿರುತ್ತಾಳೆ. ಮುಖ ಸುಣ್ಣ ಬಳಿದ ಗೋಡೆ, ತುಟಿಯಲ್ಲಿ ರಕ್ತದ ಪಸೆ ಇಲ್ಲ. ಕರೆದರೆ ತಿರುಗುವುದಿಲ್ಲ. ‘ಏನಾಗೈತಿ ಯಕ್ಕ ಹುಡುಗಿಗೆ?’ ಎಂದು ಯಾರಾದರೂ ಕೇಳಿದರೆ ಉತ್ತರ ಸಣ್ಣ ದನಿಯಲ್ಲಿ: ‘ಹೊರಗಿಂದು ಐತವ್ವ.’ ಅಷ್ಟೇ. ಹಿಂದಿನ ಸೀಟಿನವರು ಮಕ್ಕಳನ್ನು ತೊಡೆ ಮೇಲೆ ಎಳೆದುಕೊಳ್ಳುತ್ತಾರೆ. ಟಿಕೆಟ್ ಕೊಡುವ ಕಂಡಕ್ಟರ್ ಕೂಡ ಕೈ ಚಾಚಿ ದೂರದಿಂದಲೇ ಕೊಡುತ್ತಾನೆ.

ಈ ಭಾಗದಲ್ಲಿ ಬಸ್ಸು ಹತ್ತಿ ಇಳಿಯುವವರಿಗೆ ಇದೇನೂ ಹೊಸ ನೋಟವಲ್ಲ. ನಗುವವರು ನಗುತ್ತಾರೆ, ಹೆದರುವವರು ಹೆದರುತ್ತಾರೆ. ಆ ಮನೆಯವರ ಸಂಕಟ ಮಾತ್ರ ಇಬ್ಬರಿಗೂ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳ ಹಿಂದೆ ಇಡೀ ಓಣಿಗೆ ಕೇಳುವಂತೆ ನಗುತ್ತಿದ್ದ ಹುಡುಗಿ ಈಗ ಮೂಲೆ ಹಿಡಿದಿರುತ್ತಾಳೆ. ಊಟ ಬೇಡ, ಗೋಡೆಯ ಮಣ್ಣು ಕೆರೆದು ತಿನ್ನುತ್ತಾಳೆ. ಎದ್ದರೆ ಕಣ್ಣಿಗೆ ಕತ್ತಲೆ, ನಾಲ್ಕು ಹೆಜ್ಜೆಗೆ ಏದುಸಿರು. ಮಾತಾಡಿಸಿದರೆ ಸಿಟ್ಟು. ‘ಇದು ನಮ್ಮ ಹುಡುಗಿ ಅಲ್ಲ, ಒಳಗ ಬ್ಯಾರೆ ಯಾರೋ ಕುಂತು ರಕ್ತ ಕುಡೀತಾರ’ ಎನ್ನುವ ತಾಯಿಯನ್ನು ಮೂಢಳು ಎಂದು ಬೈಯುವುದು ಸುಲಭ. ಆದರೆ ಆಕೆ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾಳೆ. ರಕ್ತ ಕಮ್ಮಿಯಾಗುತ್ತಿರುವುದು ನಿಜ, ಹುಡುಗಿ ಬದಲಾದದ್ದೂ ನಿಜ. ಕುಡಿಯುತ್ತಿರುವುದು ಯಾರು ಎಂಬುದಷ್ಟೇ ಪ್ರಶ್ನೆ.

ಗಂಡು ಹುಡುಗರಾದರೆ ಕಥೆಯಲ್ಲಿ ದೆವ್ವದ ಹೆಸರು ಬೇರೆ. ‘ಮೋಹಿನಿ ಹಿಡಿದಾಳ.’ ಮದುವೆಯಾಗದೆ ಸತ್ತವಳು, ಬಿಳಿ ಸೀರೆ, ರಾತ್ರಿ ಡ್ಯೂಟಿ ಮುಗಿಸಿ ಬರುವ ಹುಡುಗನ ಬೆನ್ನು ಬೀಳುತ್ತಾಳೆ, ಆತ ದಿನೇ ದಿನೇ ಸೊರಗುತ್ತಾನೆ. ಹಂಪಿ, ಕಮಲಾಪುರದ ಕಡೆಯವರಿಗಂತೂ ಜಾಗ ತೋರಿಸುವುದಕ್ಕೆ ಬರವಿಲ್ಲ. ‘ಹೊತ್ತು ಮುಳುಗಿದ ಮ್ಯಾಲೆ ಹಾಳು ಮಂಟಪದ ಹತ್ರ ಹೋಗಿದ್ದ’ ಎಂದರೆ ಮುಗಿಯಿತು. 1565ರಲ್ಲಿ ಹಾಳಾದ ಪಟ್ಟಣದಲ್ಲಿ ಸತ್ತವರಿಗೆ ಲೆಕ್ಕ ಎಲ್ಲಿಂದ ತರೋಣ! ಮಂಟಪದಲ್ಲಿ ತಲೆಕೆಳಗಾಗಿ ನೇತಾಡುವ ಬಾವಲಿಗಳ ಮೇಲೂ ಒಂದು ಆರೋಪ ಉಂಟು. ಪಾಪ, ಅವು ಹಣ್ಣು, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿಗಳು. ರಕ್ತ ಕುಡಿಯುವ ಬಾವಲಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ಸುಣ್ಣದಲ್ಲಿ, ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದದ್ದು ಹಲವರ ನೆನಪಿನಲ್ಲಿದೆ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ, ಅದೂ ಅಪರಿಚಿತ ದನಿಯಲ್ಲಲ್ಲ, ತಾಯಿಯ ದನಿಯಲ್ಲಿ, ಗಂಡನ ದನಿಯಲ್ಲಿ. ಓಗೊಟ್ಟು ಬಾಗಿಲು ತೆಗೆದವರು ಸತ್ತರು ಎಂಬ ಸುದ್ದಿ. ಬರಹ ಓದಿದ ದೆವ್ವ ಇವತ್ತು ಹೋಗಿ ನಾಳೆ ಬರುತ್ತೆ, ನಾಳೆಯೂ ಅದನ್ನೇ ಓದಿ ವಾಪಸ್ ಹೋಗುತ್ತೆ. ಸರ್ಕಾರಿ ಆಫೀಸಿನಲ್ಲಿ ಜನರನ್ನು ಸಾಗಹಾಕುವ ಮಂತ್ರವನ್ನೇ ಜನ ದೆವ್ವಕ್ಕೂ ಹಾಕಿದ್ದರು!

ಕೆಲವರು ನಕ್ಕು ಮರೆತರು. ಆದರೆ ಆ ಕಥೆಯ ಒಳಗಿನ ಭಯ ಸಣ್ಣದಲ್ಲ. ಕೇಡು ಬರುವುದು ಪ್ರೀತಿಯವರ ರೂಪದಲ್ಲೇ ಎಂಬ ಭಯ ಅದು. ಲೋಕದಲ್ಲೆಲ್ಲ ಇದೇ ಭಯ ಇದೆ.

ಅಮೆರಿಕದಲ್ಲೂ ಹೀಗೇ ಆಗಿತ್ತು

ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಹಳ್ಳಿ. ಬ್ರೌನ್ ಎಂಬ ರೈತನ ಮನೆ. ಮೊದಲು ಹೆಂಡತಿ, ಆಮೇಲೆ ದೊಡ್ಡ ಮಗಳು ಸೊರಗಿ ಸೊರಗಿ ಸತ್ತರು. ಕೆಲವು ವರ್ಷಗಳ ಮೇಲೆ ಮಗ ಎಡ್ವಿನ್ ಹಾಸಿಗೆ ಹಿಡಿದ. ಅಷ್ಟರಲ್ಲಿ 1892ರ ಜನವರಿಯಲ್ಲಿ 19 ವರ್ಷದ ಇನ್ನೊಬ್ಬ ಮಗಳು ಮರ್ಸಿಯೂ ತೀರಿಕೊಂಡಳು. ಊರವರು ಲೆಕ್ಕ ಹಾಕಿದರು: ಸತ್ತವರಲ್ಲಿ ಒಬ್ಬರು ನಿಜವಾಗಿ ಸತ್ತಿಲ್ಲ, ರಾತ್ರಿ ಎದ್ದು ಬಂದು ಎಡ್ವಿನ್‌ನ ರಕ್ತ ಹೀರುತ್ತಿದ್ದಾರೆ. ಮಾರ್ಚಿಯಲ್ಲಿ ಮೂವರ ಹೆಣವನ್ನೂ ತೆಗೆಸಿದರು. ತಾಯಿ, ಅಕ್ಕ ಎಲುಬಾಗಿದ್ದರು. ಮರ್ಸಿಯ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತ ಕಂಡಿತು. ಮೈ ಕೊರೆಯುವ ಚಳಿಗಾಲದಲ್ಲಿ ಎರಡು ತಿಂಗಳ ಹಿಂದೆ ಸತ್ತ ದೇಹ ಕೆಡದೆ ಉಳಿದರೆ ಆಶ್ಚರ್ಯವೇನು? ಊರವರಿಗೆ ಅದೇ ಸಾಕ್ಷಿಯಾಯಿತು. ಹೃದಯ ಸುಟ್ಟು, ಬೂದಿಯನ್ನು ನೀರಿಗೆ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೂ ಆಗಲಿಲ್ಲ, ಅಣ್ಣನೂ ಸತ್ತ.

ಆ ಮನೆಯವರನ್ನು ತಿಂದದ್ದು ಕ್ಷಯ, ಟಿ.ಬಿ. ಜರ್ಮನಿಯ ರಾಬರ್ಟ್ ಕಾಕ್ ಅದರ ರೋಗಾಣು ಕಂಡು ಲೋಕಕ್ಕೆ ಸಾರಿದ್ದು 1882ರಲ್ಲಿ. ಅಂದರೆ ಮರ್ಸಿಯ ಹೆಣ ತೆಗೆಸುವ ಹತ್ತು ವರ್ಷ ಮೊದಲೇ! ಸುದ್ದಿ ಎಕ್ಸೆಟರ್‌ಗೆ ಮುಟ್ಟಿರಬಹುದು, ಮನಸ್ಸಿಗೆ ಮುಟ್ಟಿರಲಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಕಾದಂಬರಿ ಬರೆದ. ದಿನೇ ದಿನೇ ಬಿಳಿಚಿಕೊಳ್ಳುವ ಹುಡುಗಿ, ಕಾರಣ ತಿಳಿಯದೆ ಒದ್ದಾಡುವ ಮನೆಯವರು ಅದರಲ್ಲೂ ಇದ್ದಾರೆ. ಟಾಕೀಸಿನಲ್ಲಿ ಹಲ್ಲು ಕಿರಿಯುವ ಡ್ರಾಕುಲಾನನ್ನು ನೋಡಿ ಕಡಲೆ ತಿಂದವರು ಇದನ್ನು ಗಮನಿಸಿರಲಿಕ್ಕಿಲ್ಲ.

ಅದಿರಲಿ. ಹೊಸಪೇಟೆಯ ಬಸ್ಸಿನಲ್ಲಿ ಕೂತ ಹುಡುಗಿಯ ಮಾತಿಗೆ ಬರೋಣ. ಆಕೆಯ ರಕ್ತ ಹೀರುವವರಲ್ಲಿ ಒಬ್ಬನಿಗಂತೂ ನಿಜವಾಗಿಯೂ ಹಲ್ಲಿದೆ. ಆತ ಮಂಟಪದಲ್ಲಿಲ್ಲ, ಆಕೆಯ ಕರುಳಿನಲ್ಲೇ ಇದ್ದಾನೆ. ಹೆಸರು ಕೊಕ್ಕೆಹುಳು.

ಉದ್ದ ಸುಮಾರು ಒಂದು ಸೆಂಟಿಮೀಟರ್. ವಿಜಯನಗರದರಸರು ತೋಡಿಸಿದ ಕಾಲುವೆಗಳ ನೀರಿನಲ್ಲಿ ಕಂಪ್ಲಿಯ ನೆಲ್ಲು, ಕಬ್ಬು, ಹಂಪಿ-ಕಮಲಾಪುರದ ಬಾಳೆ ಇವತ್ತಿಗೂ ಬೆಳೆಯುತ್ತಿವೆ. ಈ ಹುಳುವಿನ ಮರಿಗೆ ಬೇಕಾದದ್ದೂ ಅದೇ: ಬೆಚ್ಚಗಿನ ಹಸಿ ಮಣ್ಣು, ಮೇಲೆ ನೆರಳು. ಬದುವಿನ ಮರೆಯಲ್ಲಿ ಬಹಿರ್ದೆಸೆಗೆ ಕೂತವರಿಂದ ಮೊಟ್ಟೆ ಮಣ್ಣಿಗೆ ಬೀಳುತ್ತೆ. ಮರಿಯಾಗಿ, ಬರಿಗಾಲಲ್ಲಿ ಬಂದವರ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತೆ. ಕಾಲ್ಬೆರಳ ಸಂದಿ ಒಂದೆರಡು ದಿನ ತುರಿಸುತ್ತೆ, ‘ಕೆಸರಿಂದು’ ಅಂತ ಉಜ್ಜಿಕೊಂಡು ಸುಮ್ಮನಾಗುತ್ತಾರೆ. ಮರಿ ರಕ್ತದಲ್ಲಿ ಸಾಗಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದಾಗ ಹೊಟ್ಟೆಗೆ. ಕೊನೆಗೆ ಸಣ್ಣ ಕರುಳಿನ ಗೋಡೆಗೆ ಬಾಯಿ ಕಚ್ಚಿ ಕೂರುತ್ತೆ. ಕೂತರೆ ವರ್ಷಗಟ್ಟಲೆ.

ದೊಡ್ಡ ಜಾತಿಯ ಒಂದು ಹುಳು ದಿನಕ್ಕೆ ಹೀರುವುದು ಮಿಲಿಲೀಟರಿನ ಐದರಲ್ಲೊಂದು ಪಾಲಿನಷ್ಟು. ಎಷ್ಟಾದೀತು ಮಹಾ ಎನ್ನಬೇಡಿ. ಅಂಥ ನೂರು ಹುಳು ಸೇರಿದರೆ ದಿನಕ್ಕೆ 20 ಮಿಲಿಲೀಟರ್, ನಾಲ್ಕು ಟೀ ಚಮಚ ರಕ್ತ! ತಿಂಗಳ ಮುಟ್ಟು ಬೇರೆ, ಮೇಲಿಂದ ಮೇಲೆ ಹೆರಿಗೆ ಬೇರೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಬೇರೆ. ಹುಡುಗಿಯ ಮೈಯಲ್ಲಿ ಉಳಿಯುವುದೇನು?

ಮಣ್ಣು ತಿನ್ನುವ ಆಸೆಯೂ ಇದರದ್ದೇ ಗುರುತು. ಕಬ್ಬಿಣಾಂಶ ಕಮ್ಮಿಯಾದವರಿಗೆ ಮಣ್ಣು, ಬಳಪ, ಇದ್ದಿಲು, ಹಸಿ ಅಕ್ಕಿ ತಿನ್ನುವ ಚಪಲ ಹುಟ್ಟುತ್ತೆ. ವೈದ್ಯರು ಇದನ್ನು ಬಲ್ಲರು. ಮನೆಯವರ ಕಣ್ಣಿಗೆ ಅದು ದೆವ್ವದ ತಿನಿಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಬಸ್ಸಿನ ಹೆಂಗಸರ ಸೀಟುಗಳನ್ನು ಎಣಿಸಿ ನೋಡಿ, ಹೆಚ್ಚುಕಡಿಮೆ ಒಂದು ಬಿಟ್ಟು ಒಂದು.

ಮೋಹಿನಿ ಹಿಡಿದ ಹುಡುಗನ ಕಥೆಗೆ ಎಕ್ಸೆಟರ್‌ನ ಕಥೆ ಹತ್ತಿರ. ಸಂಡೂರಿನ ಗುಡ್ಡಗಳ ಕೆಂಪು ದೂಳಿನಲ್ಲಿ ದುಡಿಯುವವರಿಗೆ ಕೆಮ್ಮು ದಿನದ ಮಾತು, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲ್ಲಿನ ಸಿಲಿಕಾ ದೂಳು ಸೇರಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ, ಒಂದು ದಿನ ಕಫದಲ್ಲಿ ರಕ್ತ. ತುಟಿಯ ಮೇಲೆ ರಕ್ತ ಕಂಡ ಮನೆಯವರು ತಾಯತಕ್ಕೆ ಓಡುತ್ತಾರೆ. ಅತ್ತ ಅದೇ ಕೋಣೆಯಲ್ಲಿ ಮಲಗುವ ತಂಗಿಗೆ, ಮಗುವಿಗೆ ರೋಗ ದಾಟುತ್ತಿರುತ್ತೆ. ಒಬ್ಬರಾದ ಮೇಲೆ ಒಬ್ಬರು ಸೊರಗಿದರೆ ‘ಇಡೀ ಮನೆಗೇ ಹತ್ತೈತಿ’ ಎಂಬ ಮಾತು ಇನ್ನೂ ಗಟ್ಟಿಯಾಗುತ್ತೆ. ಹತ್ತಿದ್ದು ನಿಜವೇ! ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಔಷಧ ಪುಕ್ಕಟೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಚಿಕಿತ್ಸೆ. ಚಿಕಿತ್ಸೆ ನಡೆಯುವಾಗ ಊಟದ ಖರ್ಚಿಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಯಿತು. ಮಂತ್ರವಾದಿ ಕೊಡುವುದಿಲ್ಲ, ತಗೊಳ್ಳುತ್ತಾನೆ.

ಇನ್ನು ಬಾಣಂತಿಯರ ವಿಚಾರ. ಇಲ್ಲಿ ರಕ್ತದ ಮಾತಿಗಿಂತ ಮನಸ್ಸಿನ ಮಾತು ದೊಡ್ಡದು. ಹೆರಿಗೆಯಾಗಿ ಎರಡು ವಾರದೊಳಗೆ ಹೆಂಗಸು ನಿದ್ದೆ ಬಿಟ್ಟು, ಯಾರದೋ ದನಿ ಕೇಳುತ್ತೆ ಎನ್ನುತ್ತಾಳೆ, ‘ಈ ಕೂಸು ನಂದಲ್ಲ’ ಎನ್ನುತ್ತಾಳೆ. ಹಳೇ ಮುದುಕಿಯರಿಗೆ ಇದಕ್ಕೆ ಹೆಸರೂ ಗೊತ್ತಿತ್ತು: ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೆರಡು ಇಂಥವು ಲೋಕದ ಎಲ್ಲ ದೇಶದಲ್ಲೂ ಆಗುತ್ತವೆ, ಔಷಧಿಗೆ ಬಗ್ಗುತ್ತವೆ. ಆದರೆ ಕಾಯುವ ಹೊತ್ತಲ್ಲ ಅದು. ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ ಇರುತ್ತೆ. ಅಂಥ ಹೊತ್ತಲ್ಲಿ ಹಸಿ ಬಾಣಂತಿಯನ್ನು ಹೊಗೆ ಹಾಕಿದ ಕೋಣೆಯಲ್ಲಿ ಕೂರಿಸಿ, ಬೇವಿನ ಬರಲಿನಲ್ಲಿ ಬಡಿದು ‘ಯಾರು ನೀನು, ಹೆಸರು ಹೇಳು’ ಎಂದರೆ ಆಕೆ ಯಾವ ಹೆಸರು ಹೇಳಿಯಾಳು? ಪೆಟ್ಟು ತಾಳದೆ ಯಾರದೋ ಹೆಸರು ಹೇಳುತ್ತಾಳೆ. ಬಹಳ ಸಲ ಅದು ಓಣಿಯಲ್ಲಿ ಸತ್ತ ಯಾವುದೋ ಬಡ ಹೆಂಗಸಿನ ಹೆಸರು. ಅಲ್ಲಿಗೆ ಆ ಸತ್ತವಳ ಮನೆಯವರಿಗೂ ಓಣಿಯಲ್ಲಿ ತಲೆ ಎತ್ತುವಂತಿಲ್ಲ.

ಬಡಿದವರನ್ನು ಕೇಳುವವರಿಲ್ಲ ಎಂದುಕೊಂಡವರು ತಿಳಿಯಬೇಕಾದ ಕಾನೂನೊಂದಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಮಾಡಿದ ಕಾಯ್ದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅಪರಾಧ. ಹಾವು, ನಾಯಿ, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದೂ ಅಪರಾಧ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷ ಜೈಲು, ದಂಡ ಬೇರೆ. ಪೂಜೆ, ಯಾತ್ರೆ, ಭಜನೆ, ಪ್ರದಕ್ಷಿಣೆಗೆ ಈ ಕಾಯ್ದೆ ಕೈ ಹಚ್ಚಿಲ್ಲ. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಅಮ್ಮನಿಗೆ ಕಾಯಿ ಒಡೆಸುವವರನ್ನು ಯಾರೂ ತಡೆಯುವುದಿಲ್ಲ. ಕಾಯಿ ಒಡೆಸಿ ಬರುತ್ತಾ ಹೊಸಪೇಟೆಯಲ್ಲಿ ಇಳಿದು ರಕ್ತ ಪರೀಕ್ಷೆಯನ್ನೂ ಮಾಡಿಸಿದರೆ ಅಮ್ಮ ಸಿಟ್ಟಾಗುವವಳೂ ಅಲ್ಲ.

ಕಾನೂನು ಇದ್ದರೂ ಕಂಪ್ಲೇಂಟ್ ಕೊಡುವವರು ಯಾರು? ಕರೆದುಕೊಂಡು ಹೋದವರು ತಾಯಿ, ಅತ್ತೆ, ಗಂಡ. ಒಳ್ಳೆಯದಾಗಲಿ ಎಂದೇ ಹೋದವರು. ಕೈಬಳೆ ಅಡ ಇಟ್ಟು ಹೋದವರು. ಮೂರು ಅಮಾವಾಸ್ಯೆ ಎಂದು ಹೇಳಿಸಿಕೊಂಡು ಬರುತ್ತಾರೆ. ಮೂರು ಅಮಾವಾಸ್ಯೆ ಎಂದರೆ ಎರಡು ತಿಂಗಳು. ಎಡ್ವಿನ್ ಬ್ರೌನ್‌ಗೆ ಉಳಿದಿದ್ದೂ ಅಷ್ಟೇ.

ರಕ್ತ ಎಷ್ಟಿದೆ ಎಂದು ತಿಳಿಯಲು ಬೆರಳ ತುದಿಯ ಒಂದು ಹನಿ ಸಾಕು. ಹೆಂಗಸರಿಗೆ 12 ಗ್ರಾಂ ಇರಬೇಕು, ಬಸುರಿಗೆ ಕನಿಷ್ಠ 11. ಏಳೆಂಟಕ್ಕೆ ಇಳಿದಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆ. ಹುಳಕ್ಕೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಇದೆ. ಶಾಲೆ, ಅಂಗನವಾಡಿಗಳಲ್ಲಿ 2015ರಿಂದ ಜಂತುಹುಳು ದಿನ ಮಾಡಿ ಕೊಡುವುದು ಇದನ್ನೇ. ಬಸುರಿಯರು ಮಾತ್ರ ಡಾಕ್ಟರನ್ನು ಕೇಳಿಯೇ ನುಂಗಬೇಕು. ಮನಸ್ಸಿನ ತೊಂದರೆಗೆ 14416 ನಂಬರಿಗೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆ ಸಲಹೆ, ಕನ್ನಡದಲ್ಲೇ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು.

ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಒಂದು ಮಾತು ಬಿಡುವಂತಿಲ್ಲ. ಆಶಾ ಅಕ್ಕ ಮನೆಗೇ ತಂದುಕೊಟ್ಟ ಮಾತ್ರೆ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುತ್ತೆ. ಮಿರ್ಚಿ, ಒಗ್ಗರಣಿ ಜೊತೆ ಟೀ ಕುಡಿಯುತ್ತಾ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಟೀ ಒಂದೆರಡು ತಾಸು ದೂರ ಇರಲಿ, ನಿಂಬೆಹಣ್ಣಿನ ಪಾನಕ ಇದ್ದರೆ ಒಳ್ಳೆಯದು. ಚೀಟಿಯಲ್ಲಿ ಬರೆಸಿದ ಒಂಬತ್ತರಲ್ಲಿ ಒಂದನ್ನು ಹಿಂಡಿದರಾಯಿತು. ಮಾತ್ರೆ ಶುರುವಾದ ಎರಡು ಮೂರು ದಿನಕ್ಕೆ ಮಲ ಕಪ್ಪಾಗುತ್ತೆ. ಅದನ್ನು ಕಂಡು ‘ಮಾಟ ಮಾಡ್ಸ್ಯಾರ, ಹೊರಗ ಬೀಳಾಕತ್ತೈತಿ’ ಎಂದು ಹೆದರಿ ಮಾತ್ರೆ ಎಸೆದವರುಂಟು. ಅದು ಕಬ್ಬಿಣದ ಬಣ್ಣ, ಮಾತ್ರೆ ನಿಲ್ಲಿಸಬಾರದು.